ನಡುವಿನ ಪೆಟ್ಟಿಗೆಗೆ ಜಾಗವಿಲ್ಲ

ಊಟಿಯಲ್ಲಿ ಹೋಮ್ ಥಿಯೇಟರ್ ಕೂರಿಸುವ ಕೆಲಸ ಮಾಡಿಕೊಂಡು ಸಿಟ್ಟಿಲ್ಲದೆ ಬದುಕಿದ್ದೇನೆ ಎಂದು ಯಾರಾದರೂ ಹೇಳಿದರೆ, ಅವನು ಇನ್ನೂ ಒಂದು ಸೆಂಟರ್ ಸ್ಪೀಕರನ್ನೂ ಕೂರಿಸಿಲ್ಲ ಎಂದೇ ಅರ್ಥ. ನಾನು ಕೂರಿಸಿದ್ದೇನೆ. ಕೂರಿಸಿ, ಮನೆಯವರಿಗೆ ಬುದ್ಧಿ ಹೇಳಿ, ಅವರು ಕೊಟ್ಟ ಕಾಫಿ ಕುಡಿದು ಗೇಟು ದಾಟುವಷ್ಟರಲ್ಲಿ ಅದನ್ನು ಎತ್ತಿ ಬೇರೆ ಕಡೆ ಇಟ್ಟಿರುತ್ತಾರೆ. ಇದು ಯಾವಾಗಲೋ ಒಮ್ಮೆ ಆಗುವ ಕತೆಯಲ್ಲ. ವಾರ ಬಿಟ್ಟು ವಾರ ಆಗುತ್ತಲೇ ಇರುತ್ತದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹೋಮ್ ಥಿಯೇಟರ್ ಎಂದರೆ ಐದು ಸ್ಪೀಕರು, ಜೊತೆಗೆ ಗುಡುಗುವುದಕ್ಕೆ ಒಂದು ದಪ್ಪ ಡಬ್ಬ. ಟಿವಿಯ ಎಡಕ್ಕೆ ಒಂದು, ಬಲಕ್ಕೆ ಒಂದು, ಕೂತವರ ಹಿಂದೆ ಎರಡು. ಇವೆಲ್ಲ ಹಾಡಿಗೆ, ಮಳೆಗೆ, ಹೊಡೆದಾಟಕ್ಕೆ. ಟಿವಿಯ ಕೆಳಗೆ ನಟ್ಟನಡುವೆ ಅಡ್ಡಡ್ಡ ಮಲಗಿರುತ್ತದಲ್ಲ, ಅದು ಸೆಂಟರ್ ಸ್ಪೀಕರ್. ಸಿನಿಮಾದಲ್ಲಿ ಯಾರು ಬಾಯಿ ತೆರೆದರೂ ಮಾತು ಬರುವುದು ಅದರಿಂದಲೇ. ಅದು ನಡುವೆ ಇರಬೇಕು, ಕೂತವರ ಕಿವಿಯ ಮಟ್ಟಕ್ಕೆ ಇರಬೇಕು, ಮುಂದೆ ಏನೂ ಅಡ್ಡ ಇರಬಾರದು. ಇಷ್ಟೇ. ಇದನ್ನು ಈ ನೀಲಗಿರಿಯಲ್ಲಿ ಒಬ್ಬರ ತಲೆಗೂ ಹತ್ತಿಸಲು ನನ್ನಿಂದ ಆಗಿಲ್ಲ. ಪೆಟ್ಟಿಗೆಯನ್ನು ಬೇಕಾದ ಕಡೆ ಎಸೆಯುವವರು ಅವರು. ಮಾತು ಕೇಳಿಸುತ್ತಿಲ್ಲ ಎಂದು ಫೋನಿನಲ್ಲಿ ಬೈಸಿಕೊಳ್ಳುವವನು ಮಾತ್ರ ನಾನು.

ಹೋದ ಮಳೆಗಾಲ ಮುಗಿದ ಮೇಲೆ ಮಸಿನಗುಡಿಯಿಂದ ಒಬ್ಬರು ರೆಸಾರ್ಟ್ ಮಾಲೀಕರು ನನ್ನ ಅಂಗಡಿಗೆ ಬಂದರು. ನಮ್ಮ ಹಾಗೆಯೇ ಮೈಸೂರು ಕಡೆಯಿಂದ ಬಂದ ಮನೆತನ, ಕನ್ನಡದಲ್ಲೇ ಮಾತು. ಜೀಪಿನಲ್ಲಿ ಕಾಡು ಸುತ್ತಿ ಬಂದ ಗೆಸ್ಟುಗಳಿಗೆ ಸಂಜೆ ಹೊತ್ತು ಹೋಗುವುದಿಲ್ಲವಂತೆ. ರೆಸಾರ್ಟಿನ ಹಾಲಿಗೆ ಒಂದು ಒಳ್ಳೆಯ ಥಿಯೇಟರ್ ಬೇಕಂತೆ. ನಾನು ಎಲ್ಲವನ್ನೂ ತೋರಿಸಿದೆ. ಅವರು ಬೆರಳಿಟ್ಟು ಕೇಳಿದ್ದು ಒಂದನ್ನೇ.

"ಅಣ್ಣಾ, ಇದೊಂದು ಯಾಕೆ ಮಲಗಿದೆ?"

"ಮಾತೆಲ್ಲಾ ಅದರದ್ದೇ ಸಾರ್."

"ಎದುರಂಗಡಿಯವರು ಉದ್ದಕ್ಕೆ ಒಂದು ಸೌಂಡ್‌ಬಾರ್ ಹಾಕಿದರೆ ಸಾಕು ಅಂತಾರಲ್ಲ. ನಡುವಿಂದು ಬರೀ ಬಿಲ್ಲು ಉದ್ದ ಮಾಡೋಕಂತೆ."

ನನಗೆ ಪಿತ್ತ ನೆತ್ತಿಗೇರಿತು. ಸೌಂಡ್‌ಬಾರ್ ಮಾರುವವನಿಂದ ನಾನು ಸ್ಪೀಕರಿನ ಪಾಠ ಹೇಳಿಸಿಕೊಳ್ಳಬೇಕೇ! ನನ್ನ ಮುಖ ನೋಡಿ ಅವರೇ ಒಂದು ಪಂದ್ಯ ಕಟ್ಟಿದರು. "ಅಂಗಡೀಲಿ ಎಲ್ಲಾ ಚೆನ್ನಾಗೇ ಕೇಳ್ಸುತ್ತೆ. ನೀವು ಹಾಕಿಕೊಟ್ಟ ಒಂದೇ ಒಂದು ಮನೆ ತೋರಿಸಿ. ಈ ಪೆಟ್ಟಿಗೆ ನೀವು ಹೇಳಿದ ಜಾಗದಲ್ಲಿರಬೇಕು, ಮಾತು ಕೇಳಿಸಬೇಕು. ಆಗ ಆರ್ಡರ್ ನಿಮ್ಮದು. ಇಲ್ಲಾಂದ್ರೆ ಎದುರಂಗಡಿಗೆ ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ."

ಆ ಆರ್ಡರು ನನಗೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಅದು ಎದುರಂಗಡಿಗೆ ಹೋಗಬಾರದಿತ್ತು. "ಒಂದ್ಯಾಕೆ ಸಾರ್, ನೀವು ಸಾಕು ಅನ್ನೋವರೆಗೂ ತೋರಿಸ್ತೀನಿ" ಎಂದುಬಿಟ್ಟೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಮೂಲೆಗೆ ಹೋದವನು

ಮೊದಲು ಅವರ ಜೀಪಿನಲ್ಲೇ ಲವ್‌ಡೇಲಿಗೆ ಹೋದೆವು. ಅಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಜೀವನವಿಡೀ ಬೋರ್ಡಿಂಗ್ ಶಾಲೆಯ ಹುಡುಗರನ್ನು ತಿದ್ದಿದವರು. ಓದಿದವರ ಮನೆ, ಹೇಳಿದ್ದು ಅರ್ಥವಾಗಿರುತ್ತದೆ ಎಂದು ನನ್ನ ಲೆಕ್ಕ.

ಮೇಷ್ಟ್ರು ಶಾಲು ಹೊದ್ದು ಕೂತಿದ್ದರು. ಟಿವಿಯ ಎಡಬಲದಲ್ಲಿ ಎರಡು ಸ್ಪೀಕರೂ ನೆಟ್ಟಗೆ ನಿಂತಿದ್ದವು. ನಡುವೆ ಸ್ಟ್ಯಾಂಡು ಖಾಲಿ.

"ಮೇಷ್ಟ್ರೇ, ನಡುವಿನ ಸ್ಪೀಕರ್ ಎಲ್ಲಿ?"

ಅವರು ಗದ್ದ ಎತ್ತಿ ಕೋಣೆಯ ಮೂಲೆ ತೋರಿಸಿದರು. ಸೆಂಟರ್ ಸ್ಪೀಕರ್ ಆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಕೂತಿತ್ತು. ವೈರನ್ನು ಮಾತ್ರ ಬಿಚ್ಚಿರಲಿಲ್ಲ.

"ನೋಡಯ್ಯ" ಎಂದರು ಮೇಷ್ಟ್ರು, "ನೀನು ಹೋದ ಮೇಲೆ ಒಂದೊಂದರ ಹತ್ತಿರವೂ ಕಿವಿಯಿಟ್ಟು ಪರೀಕ್ಷೆ ಮಾಡಿದೆ. ಪಕ್ಕದ ಎರಡೂ ಹದ್ದುಬಸ್ತಿನಲ್ಲಿವೆ. ಹಿಂದಿನ ಬೆಂಚಿನವು ಯಾವಾಗಲೋ ಒಂದು ಸಲ ಗುಸುಗುಸು ಅನ್ನುತ್ತವೆ, ಅದನ್ನ ಕ್ಷಮಿಸಬಹುದು. ಇದೊಂದು ಮಾತ್ರ ಶುರುವಿನಿಂದ ಕೊನೇತನಕ ವಟವಟ ವಟವಟ. ಉಳಿದವುಗಳ ಹಾಡೂ ಕೇಳಿಸಗೊಡೋದಿಲ್ಲ."

"ಅದರ ಕೆಲಸವೇ ಮಾತಾಡೋದು ಮೇಷ್ಟ್ರೇ!"

"ಎಲ್ಲಾ ವಾಚಾಳಿಗಳ ಅಪ್ಪಂದಿರೂ ನನ್ನ ಹತ್ತಿರ ಬಂದು ಹೀಗೇ ಹೇಳ್ತಿದ್ದರು."

ನಾನು ಕಿವಿಯ ಮಟ್ಟ, ನಡುವಿನ ಗೆರೆ ಎಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಸಾಲದ್ದಕ್ಕೆ, "ನಡುವೆ ಮಾತಾಡಬೇಡ" ಎಂದು ನನಗೂ ಬಿತ್ತು. ರೆಸಾರ್ಟಿನವರು ನಗು ತಡೆದುಕೊಂಡು, "ಮೂಲೆಯಿಂದ ಯಾವಾಗ ಬಿಡ್ತೀರಿ ಸಾರ್?" ಎಂದು ಕೇಳಿದರು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಹೇಳಿದರು: "ತಪ್ಪಾಯ್ತು ಅಂತ ಅದೇ ಬಾಯಿಬಿಟ್ಟು ಹೇಳಲಿ, ಬಿಡ್ತೀನಿ."

ಕೊಸರು

ಓದಿದವರ ಸಹವಾಸ ಸಾಕು, ವ್ಯಾಪಾರಸ್ಥರಿಗಾದರೂ ಕೊಂಡ ಮಾಲಿನ ಬೆಲೆ ತಿಳಿದಿರುತ್ತದೆ ಎಂದು ಊಟಿಗೆ ಮರಳಿ ಮಾರ್ಕೆಟ್ಟಿನ ಹಿಂದಿನ ಬೀದಿಗೆ ಕರೆದುಕೊಂಡು ಹೋದೆ. ಅಲ್ಲಿ ಕ್ಯಾರೆಟ್ ಮಂಡಿ ಇಟ್ಟಿರುವ ನಮ್ಮವರೇ ಒಬ್ಬ ಸಾಹುಕಾರರ ಮನೆ ಇದೆ. ಗುಂಡ್ಲುಪೇಟೆ ಮೂಲದವರು, ಕೈ ಬಿಚ್ಚಿ ಒಳ್ಳೆಯ ಸೆಟ್ಟನ್ನೇ ಕೊಂಡಿದ್ದರು.

ನಾವು ಹೋದಾಗ ಸಿನಿಮಾ ಓಡುತ್ತಿತ್ತು. ಪರದೆಯ ಮೇಲೆ ಒಬ್ಬ ತಾಯಿ ಮಗನ ಕೈ ಹಿಡಿದುಕೊಂಡು ಅಳುತ್ತಾ ಏನೇನೋ ಹೇಳುತ್ತಿದ್ದಾಳೆ. ತುಟಿ ಆಡುತ್ತಿದೆ. ಪಿಟೀಲು ಕೇಳುತ್ತದೆ, ಮಳೆ ಕೇಳುತ್ತದೆ, ದೂರದಲ್ಲಿ ನಾಯಿ ಬೊಗಳಿದ್ದೂ ಕೇಳುತ್ತದೆ. ತಾಯಿಯ ಒಂದು ಮಾತೂ ಇಲ್ಲ. ಸಾಹುಕಾರರು ಮಾತ್ರ ಕಣ್ಣೊರೆಸಿಕೊಳ್ಳುತ್ತಾ ನೋಡುತ್ತಿದ್ದಾರೆ.

"ಸಾಹುಕಾರ್ರೇ, ಮಾತೇ ಬರ್ತಿಲ್ವಲ್ಲ!"

"ಈಗಿನ ಸಿನಿಮಾನೇ ಹಂಗಲ್ವಾ. ಮಾತು ಬರೆಯೋರು ಎಲ್ಲವ್ರೆ ಈಗ? ನಾವೇ ಅರ್ಥ ಮಾಡ್ಕೋಬೇಕು."

ನಾನು ಟಿವಿಯ ಕೆಳಗೆ ನೋಡಿದೆ. ಸೆಂಟರ್ ಸ್ಪೀಕರ್ ಇರಬೇಕಾದ ಕಡೆ ಪ್ಲಾಸ್ಟಿಕ್ ಹೂದಾನಿ. "ಆ ನಡುವಿನ ಪೆಟ್ಟಿಗೆ ಏನಾಯ್ತು?"

"ಯಾವ್ದು, ಆ ಕುಳ್ಳಂದಾ? ಅದನ್ನ ಗುಂಡ್ಲುಪೇಟೆಗೆ ಮಗಳ ಮನೆಗೆ ಕೊಟ್ಟೆ."

"ಯಾಕೆ ಕೊಟ್ರಿ?"

"ಕೊಸರು ಅಲ್ವಾ ಅದು!"

ಆಮೇಲೆ ನನಗೇ ತಿಳಿಸಿ ಹೇಳಿದರು. ಮುಂದೆ ಒಂದು ಜೋಡಿ, ಹಿಂದೆ ಒಂದು ಜೋಡಿ, ಅದು ವ್ಯಾಪಾರ. ಈ ಕುಳ್ಳಂದಕ್ಕೆ ಜೊತೆ ಇರಲಿಲ್ಲ. ಬುಟ್ಟಿ ತುಂಬಿದ ಮೇಲೆ ಮೇಲೊಂದು ಹಾಕುತ್ತಾರಲ್ಲ ಹಾಗೆ ನಾನು ಪ್ರೀತಿಯಿಂದ ಹಾಕಿಕೊಟ್ಟಿದ್ದೇನೆ ಎಂದುಕೊಂಡರಂತೆ. ಕೊಸರನ್ನು ಹೆಣ್ಣುಮಕ್ಕಳಿಗೆ ಕೊಡುವುದು ಅವರ ಮನೆಯ ಪದ್ಧತಿಯಂತೆ.

"ಆ ದಪ್ಪ ಡಬ್ಬಕ್ಕೂ ಜೊತೆ ಇಲ್ವಲ್ಲ ಸಾಹುಕಾರ್ರೇ, ಅದನ್ನ್ಯಾಕೆ ಕೊಡಲಿಲ್ಲ?" ಎಂದು ನಾನು ಹಲ್ಲು ಕಡಿದುಕೊಂಡು ಕೇಳಿದೆ.

"ಅದು ತೂಕ ಅದೆ ಕಣ್ರೀ. ಅಷ್ಟು ತೂಕದ್ದನ್ನ ಯಾರಾದ್ರೂ ಕೊಸರು ಕೊಡ್ತಾರಾ?"

ರೆಸಾರ್ಟಿನವರು ಬಾಗಿಲ ಕಡೆ ತಿರುಗಿ ನಿಂತುಬಿಟ್ಟರು. ಅವರ ಭುಜ ಕುಲುಕುತ್ತಿತ್ತು. ಇಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನೆ ಬರುತ್ತಿದ್ದೆ. ಹೊರಡುವಾಗ ಸಾಹುಕಾರರು ನನ್ನನ್ನು ಪಕ್ಕಕ್ಕೆ ಕರೆದು, ಮನಸ್ಸಿಗೆ ಬಹಳ ನೋವಾದವರಂತೆ ಹೇಳಿದರು: "ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬ್ಯಾಡಿ. ನಮ್ಮಳಿಯಂದ್ರು ಅದನ್ನ ಟಿವಿ ಪಕ್ಕ ಇಟ್ಟು ಇಷ್ಟು ದಿನ ಆಯ್ತು, ಅದು ಒಂದು ದಿನ ಬಾಯಿ ಬಿಟ್ಟಿಲ್ವಂತೆ. ಕೊಸರೇ ಆಗ್ಲಿ, ಕೊಳೆತದ್ದು ಕೊಡಬಾರದು ಕಣ್ರೀ."

ಅಡುಗೆಮನೆಯ ಮಾತು

ಮಾರನೆಯ ದಿನ ಗೂಡಲೂರಿಗೆ ಹೋದೆವು. ರೆಸಾರ್ಟಿನವರೇ ಫೋನ್ ಮಾಡಿ, "ಅಣ್ಣಾ, ಇವತ್ತು ಯಾವ ಮನೆ?" ಎಂದು ಕೇಳಿದ್ದರು. ಅವರಿಗೆ ಸ್ಪೀಕರಿಗಿಂತ ಈ ತಿರುಗಾಟವೇ ರುಚಿಸತೊಡಗಿದೆ ಎಂದು ನನಗೆ ಅನುಮಾನ ಬಂತು. ನನ್ನ ಹೊಟ್ಟೆಪಾಡು ಅವರಿಗೆ ತಮಾಷೆ!

ಗೂಡಲೂರಿನದು ಮಲಯಾಳಿ ಗಂಡ ಹೆಂಡತಿಯ ಮನೆ. ಗಂಡನಿಗೆ ಟೀ ಎಸ್ಟೇಟಿನ ಆಫೀಸಿನಲ್ಲಿ ಕೆಲಸ. ನಾವು ಹೋದಾಗ ಸೋಫಾದಲ್ಲಿ ಕೂತು ಸೀರಿಯಲ್ ನೋಡುತ್ತಿದ್ದರು. ಇಲ್ಲೂ ಟಿವಿಯ ಕೆಳಗೆ ಖಾಲಿ. ಖಾಲಿ ಜಾಗದಿಂದ ಒಂದು ವೈರು ಹೊರಟು, ಗೋಡೆಯ ಬುಡ ಹಿಡಿದು, ಬಾಗಿಲು ಸುತ್ತಿ ಒಳಗೆ ಹೋಗಿತ್ತು. ನಾನು ಅದರ ಹಿಂದೆಯೇ ಹೋದೆ. ಅಡುಗೆಮನೆಯ ಕಪಾಟಿನಲ್ಲಿ, ತೆಂಗಿನೆಣ್ಣೆ ಬಾಟಲಿಗೂ ಉಪ್ಪಿನಕಾಯಿ ಜಾಡಿಗೂ ನಡುವೆ, ನನ್ನ ಸೆಂಟರ್ ಸ್ಪೀಕರ್ ಸೀರಿಯಲ್ಲಿನ ಮಾತನ್ನೆಲ್ಲ ಒದರುತ್ತಿತ್ತು. ಮನೆಯಾಕೆ ಮೀನು ಹುರಿಯುತ್ತಿದ್ದರು.

"ಚೇಚೀ, ಇದೇನಿದು?" ಎಂದೆ. ಆ ಕಡೆ ಅಕ್ಕನಿಗೆ ಚೇಚಿ ಎನ್ನುವುದು.

"ಸೀರಿಯಲ್ ಬರೋ ಹೊತ್ತಿಗೇ ನನ್ನ ಅಡುಗೆ. ಅವರ ಮುಖ ನೋಡಿ ಆಗಬೇಕಾದ್ದೇನಿದೆ, ಮಾತು ಕೇಳಿದರೆ ಸಾಕು. ಮಾತು ಬರೋದು ಇದರಲ್ಲೇ ಅಂತ ನೀವೇ ಹೇಳಿದ್ದಲ್ವಾ?"

ಹೇಳಿದ್ದೆ. ನನ್ನ ಪಾಠವನ್ನು ಇಡೀ ಜಿಲ್ಲೆಯಲ್ಲಿ ನೆನಪಿಟ್ಟುಕೊಂಡಿದ್ದು ಈಕೆಯೊಬ್ಬರೇ, ಅದೂ ಹೀಗೆ!

ಅಷ್ಟರಲ್ಲಿ ಹಾಲಿನಿಂದ ಗಂಡ ಕೂಗಿದರು: "ಎಂದಾ ಪರಞ್ಞೆ?" ಏನಂದಳು ಎಂದು. ಈಕೆ ಸೌಟು ಹಿಡಿದುಕೊಂಡೇ, "ಮನೆ ಬಿಟ್ಟು ಹೋಗ್ತಾಳಂತೆ!" ಎಂದರು. ಮತ್ತೆ "ಎಂದಾ ಪರಞ್ಞೆ?" ಮತ್ತೆ, "ಬೇಡ ಅಂತ ಅವನು ಕಾಲು ಹಿಡೀತಿದ್ದಾನೆ!" ಚಿತ್ರ ಅಲ್ಲಿ, ಮಾತು ಇಲ್ಲಿ. ಐದು ಸ್ಪೀಕರು ಕೊಂಡ ಮನೆಯಲ್ಲಿ ಹೆಂಡತಿ ಆರನೆಯ ಸ್ಪೀಕರು.

ನಾನು ಹಾಲಿಗೆ ಬಂದು ಗಂಡನಿಗೆ ಛೀಮಾರಿ ಹಾಕಬೇಕೆಂದು ಬಾಯಿ ತೆರೆಯುವಾಗ ಒಳಗಿನಿಂದ ಚೇಚಿ ಕೂಗಿದರು: "ಉಪ್ಪು ಮುಗಿದು ಎಷ್ಟು ದಿನ ಆಯ್ತು, ಕಲ್ಲಿನ ಹಾಗೆ ಕೂತಿರೋ ಬದಲು ಎದ್ದು ಅಂಗಡಿಗೆ ಹೋಗಬಾರದಾ!"

ಗಂಡ ಪರದೆಯಿಂದ ಕಣ್ಣು ಕೀಳಲಿಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಬಹಳ ಮರುಕದಿಂದ ತಲೆಯಾಡಿಸಿದರು. "ಈ ಸೀರಿಯಲ್ಲಿನ ಹೆಂಡತಿ ದಿನಾ ಹೀಗೇ. ಪಾಪ, ಆ ಗಂಡ ಹೇಗೆ ತಡ್ಕೊಂಡಿದ್ದಾನೋ!"

ಹೆತ್ತಪ್ಪ

ಗೂಡಲೂರಿನಿಂದ ಘಾಟಿ ಹತ್ತುವಾಗ ದಾರಿಯುದ್ದಕ್ಕೂ ಮಂಜು. ರೆಸಾರ್ಟಿನವರು ಸ್ಟಿಯರಿಂಗ್ ಹಿಡಿದುಕೊಂಡೇ, "ಎದುರಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತೆ ಅಣ್ಣಾ?" ಎಂದರು. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಇನ್ನೊಂದೇ ಮನೆ ಸಾರ್. ಇಲ್ಲೂ ಇಲ್ಲದಿದ್ದರೆ ನಾನೇ ನಿಮ್ಮನ್ನ ಎದುರಂಗಡಿಗೆ ಕರ್ಕೊಂಡು ಹೋಗಿ ಬಿಡ್ತೀನಿ" ಎಂದೆ. ಜೀಪು ಸೋಲೂರಿನ ಕಡೆ ತಿರುಗಿತು.

ಅಲ್ಲಿ ಒಂದು ಹಟ್ಟಿಯಲ್ಲಿ, ಈ ಬೆಟ್ಟದವರೇ ಆದ ಬಡಗರ ಮನೆ. ಸ್ವಲ್ಪ ಟೀ ತೋಟ, ಸ್ವಲ್ಪ ತರಕಾರಿ. ಮನೆಯ ಯಜಮಾನನಿಗೆ ನಲವತ್ತರ ಹತ್ತಿರ ವಯಸ್ಸು. ಸ್ಪೀಕರ್ ಕೂರಿಸಿದ ದಿನ ತಾನೇ ಟೇಪು ಹಿಡಿದು ಟಿವಿಯ ನಡುವನ್ನು ಅಳೆದವನು. ನನಗೆ ಉಳಿದಿದ್ದ ಒಂದೇ ಭರವಸೆ ಅವನು.

ಒಳಗೆ ಅವನ ಅಜ್ಜಿ ಬಿಳಿ ಬಟ್ಟೆ ಉಟ್ಟು ಗೋಡೆಗೆ ಒರಗಿ ಕೂತಿದ್ದರು. ಅಜ್ಜಿಗೆ ಅವರು ಹೆತ್ತೆ ಎನ್ನುತ್ತಾರೆ, ಅಜ್ಜನಿಗೆ ಹೆತ್ತಪ್ಪ. ಆ ಮನೆಗಳಲ್ಲಿ ಒಳಗೆ ಬಂದವರು ಮೊದಲು ಹಿರಿಯರ ಮುಂದೆ ತಲೆ ಬಾಗಿಸಬೇಕು. ನಾವಿಬ್ಬರೂ ಬಾಗಿದೆವು. ಹೆತ್ತೆ ತಲೆ ಮುಟ್ಟಿ, "ಬದುಕು, ಬದುಕು" ಎಂದು ಹರಸಿದರು. ತಲೆ ಎತ್ತಿ ನೋಡುತ್ತೇನೆ, ಟಿವಿಯ ಕೆಳಗೆ, ನಟ್ಟನಡುವೆ, ಕಿವಿಯ ಮಟ್ಟಕ್ಕೆ, ಕೂದಲೆಳೆಯಷ್ಟೂ ಸರಿಯದೆ ನನ್ನ ಸೆಂಟರ್ ಸ್ಪೀಕರ್!

"ನೋಡಿ ಸಾರ್!" ಎಂದು ಕೂಗಿಯೇಬಿಟ್ಟೆ.

ಸ್ಪೀಕರಿನ ಮೇಲೆ ಪೇಟ ಸುತ್ತಿದ ಹೆತ್ತಪ್ಪನ ಫೋಟೋ ಇಟ್ಟು ಹಾರ ಹಾಕಿದ್ದರು. ಫೋಟೋ ಟಿವಿಗೆ ಒರಗಿದ್ದರಿಂದ ಪರದೆಯಲ್ಲಿ ಬರುವವರಿಗೆಲ್ಲ ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಇರದಿದ್ದರೆ ನನಗೇನು? ಸ್ಪೀಕರಿನ ಮುಂದೆ ಅಡ್ಡ ಇಲ್ಲವಲ್ಲ!

"ಮನೆಗೆಲ್ಲಾ ಮಾತು ಇದರಿಂದಲೇ, ಇದೇ ಮುಖ್ಯ ಅಂತ ನೀವು ಹೇಳಿದ್ರಿ ಅಣ್ಣಾ" ಎಂದ ಮೊಮ್ಮಗ. "ನಮ್ಮಲ್ಲಿ ನಾಲ್ಕು ಜನ ಕೂತಾಗ ಮಾತು ಹಿರಿಯರದ್ದೇ. ಅದಕ್ಕೇ ಹೆತ್ತಪ್ಪನ್ನ ಇಲ್ಲೇ ಕೂರಿಸಿದ್ದು."

ಎಂಥ ತಿಳಿವಳಿಕೆ! ಎರಡು ದಿನದ ನನ್ನ ಸಿಟ್ಟೆಲ್ಲ ಇಳಿಯಿತು. ಸಿನಿಮಾ ಹಾಕಿಸಿದೆ. ಪಕ್ಕದ ಮನೆಗಳ ಹೆಂಗಸರೂ ಬಂದು ಕೂತರು. ಮಾತು ಒಂದೊಂದೂ ಬಿಡಿಬಿಡಿಯಾಗಿ, ಮುಂದೆ ಕೂತು ಹೇಳಿದ ಹಾಗೆ ಬಂತು. ರೆಸಾರ್ಟಿನವರು ನನ್ನ ತೊಡೆ ತಟ್ಟಿದರು. "ಅಣ್ಣಾ, ಇದು ಮಾತು!"

ಅಷ್ಟರಲ್ಲಿ ವಿಲನ್ ಬಂದ. ಬಾಯಿ ತೆರೆದ. ಮೊಮ್ಮಗ ರಿಮೋಟ್ ಎತ್ತಿ ಸದ್ದನ್ನೇ ನಿಲ್ಲಿಸಿಬಿಟ್ಟ. ವಿಲನ್ ಹೋದ ಮೇಲೆ ಮತ್ತೆ ಹಾಕಿದ.

"ಯಾಕಪ್ಪಾ?"

"ಹೆತ್ತಪ್ಪ ಹಟ್ಟಿಯಲ್ಲಿ ನ್ಯಾಯ ಹೇಳ್ತಿದ್ದವರು ಅಣ್ಣಾ. ಅವರಿರೋ ಕಡೆಯಿಂದ ಸುಳ್ಳು ಬರಬಾರದು ಅಂತ ಹೆತ್ತೆ ಹೇಳಿದ್ದಾರೆ."

"ಕೆಟ್ಟವನ ಮಾತು ಕೇಳದೆ ಕತೆ ಗೊತ್ತಾಗೋದು ಹೇಗೋ?"

"ಮುಖ ನೋಡಿದ್ರೆ ಗೊತ್ತಾಗಲ್ವಾ?"

ಇಳಿದ ಸಿಟ್ಟು ಮತ್ತೆ ಏರಿತು. ರಿಮೋಟನ್ನು ಅವನ ಕೈಯಿಂದ ಕಿತ್ತುಕೊಂಡೆ. ಇನ್ನು ಬರುವುದು ನಾಯಕ, ನಾಯಕಿ. ಸುಳ್ಳು ಹೇಳುವವರು ಯಾರೂ ಇಲ್ಲ. ವಾಲ್ಯೂಮನ್ನು ನಾನೇ ಸ್ವಲ್ಪ ಏರಿಸಿದೆ. ಟೀ ಗಿಡಗಳ ನಡುವೆ ನಾಯಕ ಹುಡುಗಿಯ ಕೈ ಹಿಡಿದು, ಮೆತ್ತಗಿನ ದನಿಯಲ್ಲಿ ಹೇಳಿದ: ನಿನ್ನನ್ನು ನೋಡದಿದ್ದರೆ ನನಗೆ ಅನ್ನ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ನಿನ್ನಂಥವಳು ಈ ಲೋಕದಲ್ಲೇ ಇಲ್ಲ. ಅವನು ಉಸಿರೆಳೆದದ್ದೂ ಕೇಳಿಸಿತು. ನಾನು ಕೂರಿಸಿದ ಸ್ಪೀಕರುಗಳಲ್ಲೇ ಅಷ್ಟು ಚೆನ್ನಾಗಿ ಮಾತು ಬಂದದ್ದು ಇನ್ನೊಂದಿಲ್ಲ.

ಹೆತ್ತೆ ಫೋಟೋವನ್ನೇ ನೋಡುತ್ತಿದ್ದರು. "ಆರಿಸೋ ಅದನ್ನ" ಎಂದರು.

"ಅವನು ಕೆಟ್ಟವನಲ್ಲ ಹೆತ್ತೆ, ಹೀರೋ" ಎಂದ ಮೊಮ್ಮಗ.

"ಗೊತ್ತು ಕಣೋ. ಇವರ ಜೊತೆ ಬಾಳಿ ಮಕ್ಕಳಾದವು, ಮೊಮ್ಮಕ್ಕಳಾದವು. ನನಗೆ ಒಂದು ದಿನ ಇಂಥ ಮಾತು ಹೇಳಲಿಲ್ಲ. 'ಸಾರಿಗೆ ಉಪ್ಪು ಸರಿಯಾಗಿದೆ' ಅಂತ ಹೇಳೋದಕ್ಕೂ ಬಾಯಿ ಬರ್ತಿರಲಿಲ್ಲ. ಈಗ ನನ್ನೆದುರಿಗೇ ಯಾವಳಿಗೋ ಹೇಳ್ತಾ ಇದ್ದಾರೆ, ಅದೂ ಹೀಗೆ ಬಿಡಿಸಿ ಬಿಡಿಸಿ!"

ಹೆತ್ತೆಯ ಮುಖದಲ್ಲಿ ನಗು ಇತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿದಿಲ್ಲ. ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡರು. ಮೊಮ್ಮಗ ಗಾಬರಿಯಿಂದ ಎದ್ದು ಫೋಟೋ ತೆಗೆಯಲು ಹೋದ. ತೆಗೆಯಲಿ, ತೆಗೆಯಲಿ ಎಂದು ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ.

"ಅವರನ್ನ ಮುಟ್ಟಬೇಡ" ಎಂದರು ಹೆತ್ತೆ. "ಕಣ್ಣೆದುರಿಗೆ ಇದ್ದೇ ಹೀಗೆ, ಒಳಗೆ ಇಟ್ಟರೆ ಇನ್ನು ಯಾರ್ಯಾರ ಹತ್ತಿರ ಏನೇನು ಮಾತೋ! ಆ ಪೆಟ್ಟಿಗೆ ತೆಗೆದುಬಿಡು."

ಪೆಟ್ಟಿಗೆ ತೆಗೆದರು. ಮೊಮ್ಮಗ ಟೇಪು ಹಿಡಿದು ಅಳೆದಿದ್ದ ಜಾಗದಲ್ಲೇ ಹೆತ್ತಪ್ಪ ನೇರವಾಗಿ ಕೂತರು.

ಜೀಪು ಊಟಿಯ ಕಡೆ ಹೊರಟಿತು. ಎದುರಂಗಡಿಯವನ ಮುಖ ನನ್ನ ಕಣ್ಣ ಮುಂದೆ ಕುಣಿಯುತ್ತಿತ್ತು. ಊಟಿಯ ದೀಪಗಳು ಕಾಣತೊಡಗಿದ ಮೇಲೆ ರೆಸಾರ್ಟಿನವರು ಬಾಯಿ ಬಿಟ್ಟರು. "ಅಣ್ಣಾ, ಪೆಟ್ಟಿಗೆ ಜಾಗದಲ್ಲಿತ್ತು, ಮಾತು ಕೇಳಿಸ್ತು. ನೀವು ಗೆದ್ರಿ. ಆರ್ಡರ್ ನಿಮಗೇ."

ನನಗೆ ನಂಬಲಾಗಲಿಲ್ಲ. "ಐದೂ ತಾನೇ ಸಾರ್?"

"ನಾಲ್ಕು. ನಡುವಿಂದು ಬೇಡ."

"ಏನ್ ಸಾರ್ ಇದು ಅನ್ಯಾಯ! ಅಷ್ಟು ಚೆನ್ನಾಗಿ ಮಾತು ಕೇಳಿದ ಮೇಲೂ ಬೇಡ್ವಾ?"

"ಕೇಳಿದ್ದಕ್ಕೇ ಬೇಡ ಅಂತಿರೋದು ಅಣ್ಣಾ" ಎಂದರು ಅವರು. "ನಮ್ಮ ರೆಸಾರ್ಟಿನ ಹಾಲಲ್ಲೂ ಟಿವಿ ಕೆಳಗೆ ನಮ್ಮಪ್ಪನ ಫೋಟೋ ಇದೆ. ಅಮ್ಮ ದಿನಾ ಸಂಜೆ ಅದರ ಎದುರಿಗೇ ಕೂರೋದು. ಅವರಿಗೆ ಅಪ್ಪನ ಮೇಲೆ ಮೊದಲಿಂದಲೂ ಅನುಮಾನ."